ಚಕ್ರಪಾಣಿಯ ಫಿಲ್ಟರ್

ಮಾರ್ಚ್ 3, ಸೋಮವಾರ

ಬಸ್ಸು ಲೇಟ್. ಪಡೀಲ್‌ನಲ್ಲಿ ಇಳಿದು ಆಫೀಸಿಗೆ ಓಡಿದೆ. ಚಾ ಕುಡಿಯುತ್ತಾ ಮೇಲಿಂಗ್ ಲಿಸ್ಟ್ ತೆರೆದೆ — ಡಿಶ್ ಟ್ಯೂನರಿಗೆ ಡ್ರೈವರ್ ಬರೆಯುವವರೆಲ್ಲ ಕೋಡ್ ಕಳಿಸುವ ಜಾಗ. ನನ್ನ ಪ್ಯಾಚ್, ಅಂದ್ರೆ ನಾನು ಬರೆದ ಕೋಡಿನ ತುಂಡು, ಪಾಸಾಗಿದೆ. ಬೇಕಾದ ಚಾನೆಲನ್ನಷ್ಟೇ ಒಳಗೆ ಬಿಡುವ ಫಿಲ್ಟರ್ ಎಷ್ಟು ಅಗಲ ಇರಬೇಕೆಂಬ ಲೆಕ್ಕ, ಸಾಲು ಸಾಲೂ ನನ್ನದೇ. ಕೆಳಗೆ ಹೆಸರು ಮಾತ್ರ ಚಕ್ರಪಾಣಿ.

ನನ್ನ ಟೀಮ್ ಲೀಡ್. "ಚೆಕ್ ಮಾಡಿ ಕೊಡ್ತೇನೆ" ಅಂತ ತೆಗೊಂಡದ್ದು. ಲಿಸ್ಟಿನಲ್ಲಿ ಒಮ್ಮೆ ಬಿದ್ದ ಹೆಸರು ಮತ್ತೆ ಹೋಗುವುದಿಲ್ಲ.

ಕೇಳಿದೆ. "ಎಂತ ಭಾರ್ಗವಿ, ಕಂಪೆನಿಯದ್ದೇ ಅಲ್ವಾ? ಅದರಲ್ಲಿ ನಿಂದು ನಂದು ಅಂತ ಉಂಟಾ?" ನಕ್ಕ. ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತಾ ಉಂಟು.

ಮಾರ್ಚ್ 5

ಕದ್ದವನಿಗೆ ಅವಸರ. ತೆಗೊಂಡದ್ದು ಅರ್ಧ ಆದ ಕೋಡ್. ಬಿಸಿಲಿಗೆ ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಕಾಯ್ತದೆ, ಫ್ರೀಕ್ವೆನ್ಸಿ ಆಚೀಚೆ ಸರಿಯುತ್ತದೆ. ಸಣ್ಣ ಚಾನೆಲಿಗೆ ಫಿಲ್ಟರನ್ನು ಸ್ವಲ್ಪ ಅಗಲ ಬಿಡಲೇಬೇಕು. ಆ ಸಾಲು ಹಾಕುವುದು ಬಾಕಿ ಇತ್ತು. ಟೆರೇಸಿಗೆ ಹೋಗಿ ಟೆಸ್ಟ್ ಮಾಡಿದೆ. ಬೆಳಿಗ್ಗೆ ಚಿತ್ರ ಬರ್ತದೆ. ಮಧ್ಯಾಹ್ನ ಹೋಗ್ತದೆ.

ಹೇಳುವುದಿಲ್ಲ. ನಾನ್ಯಾಕೆ ಹೇಳಬೇಕು?

ಮಾರ್ಚ್ 11

ಗುರುವಾರ ಡೆಮೊ. ಊರಿಗೆ ಕೇಬಲ್ ಟಿವಿ ಕೊಡುವ ಸುಂದರ ಶೆಟ್ರು ಬರ್ತಾರೆ. ಒಪ್ಪಿದರೆ ನಮ್ಮ ಸೆಟ್‌ಟಾಪ್ ಬಾಕ್ಸೇ ತೆಗೊಳ್ತಾರಂತೆ. ಟೈಮ್ ಬೆಳಿಗ್ಗೆ ಅಂತ ಇತ್ತು. "ಸರ್, ಮಧ್ಯಾಹ್ನ ಇಡುವ. ನೋಡಿ, ಊಟ ಮಾಡಿ ಹೋಗ್ಲಿ" ಅಂದೆ. "ಒಳ್ಳೆ ಐಡಿಯಾ ಮಾರಾಯ್ತಿ" ಅಂದ ಚಕ್ರಪಾಣಿ. ಪೆದ್ದ.

ಹಾವಿನ ದ್ವೇಷ ಹನ್ನೆರಡು ವರ್ಷವಂತೆ. ನನಗೆ ಗುರುವಾರದವರೆಗೆ ಸಾಕು. ಅನ್ನ ಬಡಿಸುವಾಗ ಅಮ್ಮ ಕೇಳಿದಳು, "ಎಂತದು, ಒಬ್ಬಳೇ ನಗಾಡುದು?"

ಮಾರ್ಚ್ 13, ಗುರುವಾರ, ಸಂಜೆ

ಬಿಸಿಲು ಅಂದ್ರೆ ಬಿಸಿಲು. ಶೆಟ್ರು, ನಮ್ಮ ಎಂ.ಡಿ. ಮುಂದೆ ಕೂತಿದ್ದರು. ಚಿತ್ರ ಬಂತು... ಚೂರುಚೂರಾಯಿತು... ನೀಲಿ ಪರದೆ. ಚಕ್ರಪಾಣಿ ರಿಮೋಟ್ ಒತ್ತಿಯೇ ಒತ್ತಿದ. ಬೆವರಿಳಿಯುವ ಆ ಮುಖ ನೋಡಿ ಪಾಯಸ ಉಂಡ ಹಾಗಾಯ್ತು. ಮಾಡಿದ್ದುಣ್ಣೋ ಮಹಾರಾಯ.

"ಯಾರು ಬರೆದದ್ದು ಇದು?" ಎಂ.ಡಿ. ಕೇಳಿದರು.

ಚಕ್ರಪಾಣಿ ನನ್ನ ಕಡೆ ತಿರುಗಿದ. ಬಹಳ ಮೆತ್ತಗೆ ಹೇಳಿದ. "ಸರ್, ಭಾರ್ಗವಿ ಒಬ್ಬಳೇ ಬರೆದದ್ದು. ನಂದು ಹೆಸರು ಮಾತ್ರ."

ಎಲ್ಲರೂ ನನ್ನನ್ನೇ ನೋಡಿದರು. ಸುಳ್ಳು ಅಂತ ಹೇಗೆ ಹೇಳಲಿ? ಶೆಟ್ರು ಊಟಕ್ಕೂ ನಿಲ್ಲಲಿಲ್ಲ.

ಮಾರ್ಚ್ 14, ಬೆಳಿಗ್ಗೆ

ಲಿಸ್ಟಿಗೂ ಬರೆದಿದ್ದಾನೆ ಪುಣ್ಯಾತ್ಮ. ಈ ಕೋಡ್ ಬರೆದವರು ನಿಜವಾಗಿ ಭಾರ್ಗವಿ, ದೋಷ ಇದ್ದರೆ ಅವರನ್ನೇ ಕೇಳಿ ಅಂತ. ಇಡೀ ಲೋಕದ ಎದುರು. ನನಗೆ ಬೇಕಾದದ್ದೂ ಅದೇ ಅಲ್ವಾ. ಅವನನ್ನು ಬಿಡುವುದಿಲ್ಲ ನಾನು.

ಜರ್ಮನಿಯವನೊಬ್ಬ ಆಗಲೇ ಕೇಳಿದ್ದಾನೆ — ಈ ತಪ್ಪು ನಿಮಗೆ ಗೊತ್ತಾದದ್ದು ಯಾವಾಗ?

ನಿನ್ನೆ ಅಂತ ಟೈಪ್ ಮಾಡಿದೆ. ಅಳಿಸಿದೆ. ಟೆರೇಸಿನಲ್ಲಿ ನೋಡಿದ್ದು ಐದನೇ ತಾರೀಕಿಗೆ. ಉತ್ತರದ ಕೆಳಗೂ ನನ್ನದೇ ಹೆಸರು ಹಾಕಬೇಕು. ಮತ್ತೆ ಟೈಪ್ ಮಾಡ್ತಾ ಇದ್ದೇನೆ: "ಡಿಯರ್ ಆಲ್, ಈ ತಪ್ಪು ನನಗೆ..."