ಎಡಗಡೆಗೂ ಒಂದು ಟ್ಯೂಬ್

ಮಾರ್ಚ್ ೯, ಸೋಮವಾರ

ಥೂ, ಹೇಸಿಗೆ ಇನ್ನೂ ಹೋಗಿಲ್ಲ. ನಿನ್ನೆ ಸಂಗೀತದ ಮೇಷ್ಟ್ರೊಬ್ಬರ ಮಹಾಪಧಮನಿ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಸೀಳಿಹೋಗಿ ತುರ್ತು ಆಪರೇಷನ್ ಆಯಿತು. ಹೃದಯ ನಿಲ್ಲಿಸಿ, ಮಿದುಳಿಗೆ ಬಲಗಡೆಯಿಂದಷ್ಟೇ ರಕ್ತ ಹರಿಸುತ್ತಿದ್ದೆವು. ಅರಿವಳಿಕೆ ಕೊಟ್ಟ ನಾನು ಮಾನಿಟರ್ ನೋಡುತ್ತಿದ್ದೆ. ಮಾತಿಗೆ ಆಧಾರವಾದ ಮಿದುಳಿನ ಎಡಭಾಗದ ಆಮ್ಲಜನಕ ಇಳಿಯತೊಡಗಿತು.

“ಸರ್, ಎಡಗಡೆಗೂ ಒಂದು ಟ್ಯೂಬ್ ಹಾಕಿ.”

“ಸುಮ್ನಿರಮ್ಮ, ಹೊಲಿಗೆ ಮುಗೀತಾ ಬಂತು,” ಎಂದರು ಸರ್ಜನ್.

“ಅವರ ಮಾತೇ ಹೋಗುತ್ತೆ ಸರ್!” ಎಂದು ಕಿರುಚಿದೆ. ಗೊಣಗುತ್ತಲೇ ಹಾಕಿದರು. ಆಮ್ಲಜನಕ ಏರಿತು.

ಇವತ್ತು ಸಂಜೆ ಮೇಷ್ಟ್ರು ಕಣ್ಣು ಬಿಟ್ಟು ಮಗಳಿಗೆ, “ಊಟ ಮಾಡಿದ್ಯಾ ಪುಟ್ಟಿ?” ಎಂದರು. ಅವಳು ಅತ್ತುಬಿಟ್ಟಳು. ಸರ್ಜನ್ ನಗುತ್ತಾ, “ನಾನಿದ್ದೆನಲ್ಲಮ್ಮ” ಎಂದರು.

ಹೊಗಳಿಕೆ ಅವರೇ ಇಟ್ಟುಕೊಳ್ಳಲಿ. ಮೇಷ್ಟ್ರ ಮಾತು ಹೋಗಿದ್ದರೆ ಇದೇ ಬಾಯಲ್ಲಿ “ಹಣೆಬರಹ ಕಣಮ್ಮ” ಅನ್ನುತ್ತಿದ್ದರು. ಹೋದ ತಿಂಗಳು ಮಾತು ಕಳೆದುಕೊಂಡ ಇನ್ನೊಬ್ಬ ರೋಗಿಯ ಹೆಂಡತಿಗೆ ಹಾಗೇ ಅಂದಿದ್ದರು. ಆಕೆ ನಂಬಿ, ಕೈಮುಗಿದು ಹೋದರು.