ತಮ್ಮನನ್ನು ಕಾಯಲು ಹೋಗಿ ಓಡಿದ್ದು

ಹರವೆ
೨೮–೧–೧೯೫೬, ಶನಿವಾರ

ಪ್ರೀತಿಯ ಅವ್ವಾ, ನಿನ್ನ ಪಾದಗಳಿಗೆ ಪುಟ್ಟಬಸಪ್ಪ ಮಾಡುವ ಶರಣು.

ನೀನು ಹೇಗಿದ್ದೀಯೆ? ಮಂಡಿನೋವು ಚಳಿಗೆ ಜಾಸ್ತಿಯಾಯಿತೋ ಏನೋ. ಹಂಗಳದಲ್ಲಿ ಕಾಡಿನ ಗಾಳಿ, ನಮ್ಮ ಕಡೆಗಿಂತ ಕೊರೆಯುತ್ತದೆ. ತಂಗಿ ಗಂಗು ಕಿವಿಗೆ ಹತ್ತಿ ಇಟ್ಟುಕೊಂಡೇ ಇರಲಿ, ಬಾಣಂತಿ ಮೈ. ಮಗು ಹಾಲು ಕುಡಿದು ಕಕ್ಕುತ್ತದೆ ಎಂದು ಬರೆಸಿದ್ದೆಯಲ್ಲ, ಅದು ನಿಂತಿತೋ ಇಲ್ಲವೋ? ಆ ಸಾಲು ಓದಿದಾಗಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಎಲ್ಲ ಕೂಸುಗಳೂ ಕಕ್ಕುತ್ತವೆ ಎಂದು ಮಲ್ಲಾಜಿ ನಗುತ್ತಾಳೆ. ಅವಳಿಗೇನು, ನನ್ನ ಹೆಂಡತಿಯಾಗಿ ಬಂದ ದಿನದಿಂದ ನನ್ನ ದಿಗಿಲು ಕಂಡು ನಗುವುದೇ ಅವಳ ಕೆಲಸ. ಕತ್ತಲಾದ ಮೇಲೆ ಹಿತ್ತಿಲ ಬಾಗಿಲು ತೆಗೆಯಬೇಡಿ. ಆನೆ ಕೇಳಿ ಬರುವುದಿಲ್ಲ.

ಗಂಗು ಈ ಕಾಗದವನ್ನು ನಡುವೆ ನಿಲ್ಲಿಸದೆ ಕೊನೆಯತನಕ ಓದಿ ಹೇಳಬೇಕು. ನಿಲ್ಲಿಸಿದರೆ ನೀನು ಎದೆ ಹಿಡಿದುಕೊಳ್ಳುತ್ತೀಯೆ. ಮೂರನೇ ಕ್ಲಾಸಿಗೆ ಬಿಟ್ಟವನ ಬರಹ, ಒತ್ತು ದೀರ್ಘ ತಪ್ಪಿದ್ದರೆ ಅವಳೇ ಸರಿಮಾಡಿಕೊಳ್ಳಲಿ. ಮೊದಲೇ ಹೇಳಿಬಿಡುತ್ತೇನೆ: ನೀಲಕಂಠ ಚೆನ್ನಾಗಿದ್ದಾನೆ. ಅವರೆಕಾಳು ಸಾರಿನಲ್ಲಿ ಎರಡು ಮುದ್ದೆ ಮುಗಿಸಿ ಈಗ ಜಗಲಿಯ ಮೇಲೆ ಕುಳಿತಿದ್ದಾನೆ. ಒಂದು ಕಾಲು ಮಾತ್ರ ಸ್ವಲ್ಪ ಎಳೆಯುತ್ತಾನೆ. ಗುಂಡ್ಲುಪೇಟೆಗೆ ಬಂದುಹೋದ ಹಂಗಳದವರು ಯಾರಾದರೂ ಇದನ್ನು ಬೇರೆ ಥರ ಹೇಳುವ ಮುಂಚೆ ನಾನೇ ತಿಳಿಸಬೇಕೆಂದು ಬರೆಯುತ್ತಿದ್ದೇನೆ.

ಮೊನ್ನೆ ಜನವರಿ ಇಪ್ಪತ್ತಾರಕ್ಕೆ ಯುವಕರ ಸಂಘದವರು ಓಟದ ಪಂದ್ಯ ಇಟ್ಟಿದ್ದರು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ. ಬಸ್ಸಿನಲ್ಲಿ ಕುಳಿತು ಹೋದರೇ ಸೊಂಟ ಹಿಡಿಯುವ ದಾರಿ! ಇದಕ್ಕೆ ಮ್ಯಾರಥಾನ್ ಅಂತ ಹೆಸರು. ಅಸಲು ಮ್ಯಾರಥಾನಿಗೆ ಇನ್ನೂ ನಾಲ್ಕಾರು ಮೈಲಿ ಬೇಕಂತೆ, ಶಿವನೇ, ಇಷ್ಟು ಸಾಲದೆ? ನೀಲಕಂಠ ನಮಗೆ ಹೇಳದೆ ಹೆಸರು ಕೊಟ್ಟುಬಿಟ್ಟಿದ್ದ. ಹೋದ ವರ್ಷ ವಿಷಮಜ್ವರದಲ್ಲಿ ಅವನನ್ನು ನಾವು ಉಳಿಸಿಕೊಂಡದ್ದು ನಿನಗೆ ಹೇಳಬೇಕೆ. ನೀನು ಗಾಡಿ ಹತ್ತುವಾಗ "ಅವನ್ನ ಒಂಟಿಯಾಗಿ ಬುಡಬ್ಯಾಡ ಕಣ್ಲಾ, ಕಣ್ಣೆದ್ರುಗೇ ಇಟ್ಕೊ" ಎಂದದ್ದು ನನ್ನ ಕಿವಿಯಲ್ಲೇ ಇತ್ತು. ಬೇಡ ಎಂದೆ, ಬೈದೆ, ಕೊನೆಗೆ ಊಟ ಬಿಟ್ಟು ಕುಳಿತೆ. "ನೀನು ಉಣ್ದಿದ್ರೆ ತಣ್ಣಗಾಯ್ತದೆ ಕಣಣ್ಣ" ಎಂದು ನನ್ನ ಮುದ್ದೆಯನ್ನೂ ಅವನೇ ಉಂಡ.

ಸೈಕಲ್ಲಿನಲ್ಲಿ ಹಿಂದೆ ಬರಲೇ ಎಂದು ಸಂಘದವರನ್ನು ಕೇಳಿದೆ. ಓಡುವವರನ್ನು ಬಿಟ್ಟು ಬೇರೆ ಯಾರೂ ಜೊತೆಗೆ ಬರಕೂಡದು ಎಂದರು. ಹಾಗಾದರೆ ನನ್ನ ಹೆಸರನ್ನೂ ಬರೆದುಕೊಳ್ಳಿ ಎಂದುಬಿಟ್ಟೆ! ಬರೆಯುವವನು ನನ್ನ ಕೊಡೆ ನೋಡಿದ, ಪಂಚೆ ನೋಡಿದ, "ನಿಮ್ಮದೇ?" ಎಂದು ಮತ್ತೊಮ್ಮೆ ಕೇಳಿದ. ಹಾಗೆ ನಿನ್ನ ದೊಡ್ಡ ಮಗ ಮೂವತ್ತನೆಯ ವಯಸ್ಸಿನಲ್ಲಿ ಎದೆಗೆ ನಂಬರಿನ ಬಟ್ಟೆ ಹಚ್ಚಿಕೊಂಡು ನಿಂತ. ಕೊರಳಿನ ಲಿಂಗದ ಕರಡಿಗೆ ಬಡಿಯದ ಹಾಗೆ ಎದೆಗೆ ಟವಲು ಬಿಗಿದೆ, ಪಂಚೆಯನ್ನು ಕಚ್ಚೆ ಕಟ್ಟಿದೆ. ನಿಂಬೆಹಣ್ಣು, ಉಪ್ಪು, ನೀಲಗಿರಿ ಎಣ್ಣೆ ಶೀಸೆ, ಒಂದು ರಗ್ಗು, ಎಲ್ಲ ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡೆ. "ಅಣ್ಣ, ಅಂಗಡಿ ಇಕ್ಕಕೆ ಬಂದಿದ್ದೀಯಾ?" ಎಂದು ನೀಲಕಂಠ ಎಲ್ಲರೆದುರಿಗೆ ಕೇಳಿದ. ಕೇಳಲಿ, ರಗ್ಗು ಬೇಕಾಗುವುದು ಯಾವಾಗ ಎಂದು ಯಾರಿಗೆ ಗೊತ್ತು.

ಪಟಾಕಿ ಹೊಡೆದರು, ಓಡಿದೆವು. ನಾನು ಅವನ ಬೆನ್ನಿಗೇ ಇದ್ದೆ. ಕಲ್ಲು ನೋಡ್ಕೊ, ಮೆತ್ತಗೆ ಹೋಗು, ಬಾಯಲ್ಲಿ ಉಸಿರು ಬಿಡಬೇಡ ಎಂದು ಹೇಳುತ್ತಲೇ ಇದ್ದೆ. ಪಕ್ಕದಲ್ಲಿ ಭೀಮನಬೀಡಿನ ಬೋರಯ್ಯ ಎನ್ನುವವನು ಓಡುತ್ತಿದ್ದ, ಬರಿಮೈ, ಕಲ್ಲಿನಂಥ ಆಳು. ಅವನು ತಡೆಯಲಾರದೆ "ಅಣ್ಣೋ, ಒಸಿ ಬಾಯ್ ಮುಚ್ಕೊಂಡು ಓಡಣ್ಣೋ, ನಿನ್ ಮಾತ್ ಕೇಳೇ ನಂಗೆ ದಮ್ಮು ಕಟ್ತದೆ" ಎಂದು ಕೈಮುಗಿದ.

ತೆರಕಣಾಂಬಿ ಇನ್ನೂ ಬಂದಿರಲಿಲ್ಲ, ನೀಲಕಂಠನ ಮೀನಖಂಡ ಹಿಡಿದುಕೊಂಡಿತು. ಹುಣಸೆಮರದ ಬುಡದಲ್ಲಿ ಅಯ್ಯೋ ಎಂದು ಕುಳಿತ. ನನ್ನ ಜೀವ ಬಾಯಿಗೆ ಬಂತು. ಎಣ್ಣೆ ತಿಕ್ಕಿದೆ, ಹಣೆ ಮುಟ್ಟಿ ನೋಡಿದೆ, ಜ್ವರವಿಲ್ಲ. ಸೋತವರನ್ನು ಹತ್ತಿಸಿಕೊಳ್ಳುವ ಲಾರಿ ಹಿಂದಿನಿಂದ ಬಂತು. ಅವನನ್ನು ಎತ್ತಿ ಕೂರಿಸಿದೆ, ಗಂಟನ್ನೂ ಮೇಲಿಟ್ಟೆ, ರಗ್ಗು ಹೊದಿಸಿದೆ, ಅಬ್ಬಾ ಎಂದುಕೊಂಡು ನಾನೂ ಒಂದು ಕಾಲು ಮೇಲಿಟ್ಟೆ. ಅವನು ಎದೆಗೆ ಕೈ ಅಡ್ಡ ಕೊಟ್ಟ. "ನೀನ್ಯಾಕಣ್ಣ ಲಾರಿ ಅತ್ತೀಯೆ? ನಿಂಗೇನಾಗದೆ?"

ಅವ್ವಾ, ನನಗೇನಾಗಿದೆ ಎಂದು ನಾನು ಹುಡುಕಿದೆ. ನಿಜವಾಗಿಯೂ ಹುಡುಕಿದೆ. ಎದೆ ನೋಡಿಕೊಂಡೆ, ಮಂಡಿ ಬಗ್ಗಿಸಿದೆ, ತಲೆ ಸುತ್ತುತ್ತದೆಯೋ ಎಂದು ಒಂದು ಗಳಿಗೆ ಕಣ್ಣು ಮುಚ್ಚಿದೆ. ಏನೂ ಆಗಿರಲಿಲ್ಲ! ಹೇಳಲು ಒಂದು ನೋವೂ ಸಿಗದೆ ನಾಚಿಕೆಯಾಗಿ ಕಾಲು ಕೆಳಗಿಳಿಸಿದೆ, ಓಡಿದೆ.

ತೆರಕಣಾಂಬಿ ದಾಟುವತನಕ ಹಾರಿದ ಹಾಗೆ ಹೋದೆ. ಹೆಗಲಲ್ಲಿ ಗಂಟಿಲ್ಲ, ಕಾಯಲು ಯಾರೂ ಇಲ್ಲ. ಆಮೇಲೆ ಶುರುವಾಯಿತು ನೋಡು. ಏರು ದಾರಿ, ನೆತ್ತಿಗೆ ಬಿಸಿಲು, ಅಂಗಾಲಲ್ಲಿ ಕೆಂಡ. ತೊಡೆ ಎರಡೂ ಕೊರಡಾದವು. ಪಕ್ಕೆಯಲ್ಲಿ ಯಾರೋ ಕುಡುಗೋಲು ಹಾಕಿ ಎಳೆದ ಹಾಗೆ. ಇಲ್ಲೇ ಬಿದ್ದರೆ ಮಲ್ಲಾಜಿಗೆ ಯಾರು ತಿಳಿಸುತ್ತಾರೆ, ಹಸುವಿನ ಕಣ್ಣಿಯ ಗಂಟು ಸಡಿಲವಿತ್ತಲ್ಲ, ಬಣವೆಯ ಹತ್ತಿರ ಯಾರಾದರೂ ಬೀಡಿ ಸೇದಿದರೆ, ಹೀಗೆ ಒಂದೊಂದೇ ಬಂದವು. ಬಂದವು, ಆದರೆ ಉಸಿರು ಸಾಲದೆ ಒಂದೊಂದಾಗಿ ಹಿಂದೆ ಉಳಿದವು. ಕೊನೆಗೆ ಮುಂದಿನ ಮರ ಒಂದೇ ಉಳಿಯಿತು. ಅದನ್ನು ದಾಟಿದರೆ ಅದರ ಮುಂದಿನ ಮರ. ಬುದ್ಧಿ ಬಂದ ಮೇಲೆ ನನ್ನ ತಲೆ ಅಷ್ಟು ಖಾಲಿಯಾಗಿದ್ದದ್ದು ಇಲ್ಲ ಅವ್ವಾ. ಅಷ್ಟು ನೋವಿನಲ್ಲೂ ಎಂಥ ಸುಖ!

ಲಾರಿ ಪಕ್ಕಕ್ಕೆ ಬಂತು. ಹಿಂದಿನ ಹಲಗೆ ಹಿಡಿದುಕೊಂಡೆ, ಸುಳ್ಳು ಹೇಳುವುದಿಲ್ಲ. ಹಿಡಿದವನು ನಾಲ್ಕು ಹೆಜ್ಜೆ ಹೋಗಿ ಬಿಟ್ಟುಬಿಟ್ಟೆ. ಮೇಲಿನಿಂದ ನೀಲಕಂಠ "ಸಾಕು ಬುಡಣ್ಣ, ಮೊಕ ಕಪ್ಪಾಗ್ಬುಟ್ಟದೆ, ಬಾಯಲ್ಲಿ ಉಸ್ರು ಬುಡಬ್ಯಾಡ, ಕಲ್ಲು ನೋಡ್ಕೊ!" ಎಂದು ಅಳುತ್ತಾ ಕೂಗುತ್ತಿದ್ದ. ಥೇಟು ನನ್ನ ಹಾಗೆಯೇ! ನಗು ಬಂತು, ನಗಲು ಉಸಿರಿರಲಿಲ್ಲ.

ಗುಂಡ್ಲುಪೇಟೆಯ ಹೆಂಚಿನ ಮನೆಗಳು ಕಾಣುವ ಹೊತ್ತಿಗೆ ರಸ್ತೆಯಲ್ಲಿ ಬೋರಯ್ಯ ಮಂಡಿ ಹಿಡಿದುಕೊಂಡು ಬಗ್ಗಿ ನಿಂತಿದ್ದ. ನನ್ನನ್ನು ಕಂಡವನೇ "ಈಗ ಮಾತಾಡಣ್ಣೋ, ಏನಾರಾ ಬೈಯಿ, ಕಾಲೇ ಆಡಾಕಿಲ್ಲ" ಎಂದ. ಬೈದೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ನಿನ್ನಿಂದ ಕಲಿತ ಬೈಗಳನ್ನೂ ಬಿಡಲಿಲ್ಲ. ಅವನು ನಗುತ್ತಾ, ನಾನು ಬೈಯುತ್ತಾ, ಬೀದಿಯ ಜನ ಹೋ ಎನ್ನುತ್ತಾ, ಇಬ್ಬರೂ ಗುರಿಗೆ ಕಟ್ಟಿದ್ದ ಹಗ್ಗದ ಆಚೆಗೆ ಹೋಗಿ ಬಿದ್ದೆವು. ಯಾರೋ ತಲೆಗೆ ಕೊಡ ನೀರು ಸುರಿದರು. ನೀಲಕಂಠ ಕುಂಟುತ್ತಾ ಬಂದು ನನ್ನ ಕಾಲು ಒತ್ತಿದ. ಹೆಬ್ಬೆರಳಿನ ಉಗುರು ಹೋಗಿದೆ, ಮೆಟ್ಟಿಲು ಇಳಿಯಲು ಗೋಡೆ ಬೇಕು, ಬೇರೆ ಏನೂ ಇಲ್ಲ. ಹಾಲಿನಲ್ಲಿ ಅರಿಸಿನ ಕುಡಿಯುತ್ತಿದ್ದೇನೆ.

ಭಾವನವರಿಗೆ ನನ್ನ ಶರಣು. ಗಂಗುವಿಗೂ ಕೂಸಿಗೂ ಆಶೀರ್ವಾದ, ಕೂಸಿನ ತಲೆಗೆ ಟೊಪ್ಪಿಗೆ ಹಾಕಿಯೇ ಇರಬೇಕು. ನೀನು ತಣ್ಣೀರು ಮುಟ್ಟಬೇಡ.

ನಿನ್ನ ಮಗ
ಪುಟ್ಟಬಸಪ್ಪ

ಮರೆತ ಮಾತು: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮುಂದಿದ್ದವರಲ್ಲಿ ಬಹಳ ಜನ ದಾರಿಯಲ್ಲೇ ಲಾರಿ ಹತ್ತಿದ್ದರು, ನಾನು ನಾಲ್ಕನೆಯವನಾಗಿ ಬಂದೆ. ಮೊದಲ ಐದು ಜನರನ್ನು ಶಿವರಾತ್ರಿ ಕಳೆದ ಮೇಲೆ ಮೈಸೂರಿನ ಓಟಕ್ಕೆ ಕರೆದಿದ್ದಾರೆ. ಅದು ಪೂರಾ ಮ್ಯಾರಥಾನ್. ಅವ್ವನನ್ನು ಕೇಳಿ ಹೇಳುತ್ತೇನೆ ಎಂದದ್ದಕ್ಕೆ ಸಂಘದವರು ನಕ್ಕರು. ಹಸು, ಹೊಲ ನೀಲಕಂಠ ನೋಡಿಕೊಳ್ಳುತ್ತಾನಂತೆ. ಮಲ್ಲಾಜಿ ಈ ಸಲ ನಗಲಿಲ್ಲ, ಹೋಗಿ ಬನ್ನಿ ಎಂದಳು. ಅಲ್ಲಿ ಬಿಸಿಲು ಹೇಗಿರುತ್ತದೋ, ನೀರು ಹೇಗಿರುತ್ತದೋ, ರಾತ್ರಿ ಎಲ್ಲಿ ಮಲಗುವುದೋ, ಎಲ್ಲ ದಿಗಿಲೂ ಇದೆ. ಆದರೂ ನನಗೆ ಹೋಗಬೇಕು ಅವ್ವಾ.