ಎರಡನೇ ಬೆಂಚಿನ ಆಕ್ಷೇಪಣೆ

ಅಲ್ ಮುಂತಜಾ, ದೋಹಾ
12 ನವೆಂಬರ್ 1996

ಪ್ರೀತಿಯ ಮಟಿಲ್ಡಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಕತೀಡ್ರಲ್‌ನಲ್ಲಿ ಬೆಂಚಿನಿಂದ ಏಳುವಾಗ ಪ್ರಾಣ ಹೋಗುತ್ತದೆ ಅಂತ ನೀನು ಬರೆದಿದ್ದೆ. ಅದಕ್ಕೊಂದು ಎಣ್ಣೆ ಕಳಿಸಿದ್ದೇನೆ. ಕೆಳಗಿನ ಮನೆಯ ಅಬ್ದುಲ್ ಲತೀಫ್ ನಾಡಿದ್ದು ಊರಿಗೆ ಹೊರಟಿದ್ದಾನೆ, ಈ ಕಾಗದವೂ ಅವನ ಕೈಯಲ್ಲೇ. ಮಗ, ಸೊಸೆ ಕ್ಷೇಮ. ನನ್ನ ಸಕ್ಕರೆ ಕಾಯಿಲೆ ಕಂಟ್ರೋಲಿನಲ್ಲಿದೆ. ನಮ್ಮ ಆರಾಧನೆಗೆ ಬರುವ ನರ್ಸ್ ರೋಸಲಿನ್ ವಾರಕ್ಕೊಮ್ಮೆ ಬಂದು ನೋಡಿ, ಬೈದು ಹೋಗುತ್ತಾರೆ. ಉಡುಪಿ ಕಡೆಯವರು, ಪಾಪ, ಗಂಡ ತೀರಿ ಒಂಬತ್ತು ವರ್ಷ. ನನ್ನವಳು ದಯಾವತಿ ತೀರಿಹೋದ ಮೇಲೆ ನನ್ನನ್ನು ಅಷ್ಟು ಚೆನ್ನಾಗಿ ಬೈದವರಿಲ್ಲ.

ಇಲ್ಲಿ ಚರ್ಚ್ ಕಟ್ಟಡವಿಲ್ಲ, ಶುಕ್ರವಾರ ಒಂದು ವಿಲ್ಲಾದ ಹಾಲಿನಲ್ಲಿ ಆರಾಧನೆ. ಭಾನುವಾರ ಎಲ್ಲರಿಗೂ ಡ್ಯೂಟಿ. ಮೊನ್ನೆ ನಮ್ಮ ಕತೀಡ್ರಲ್ ಚರಿತ್ರೆ ಹೇಳಲು ನನಗೆ ಹತ್ತು ನಿಮಿಷ ಕೊಟ್ಟರು. ಮಲಯಾಳಿಗಳು, ತಮಿಳರು ಇದ್ದಾರೆಂದು "ಅವರ್ ಕತೀಡ್ರಲ್ ಈಸ್ ಎ ನೋಬಲ್ ಎಡಿಫಿಸ್" ಅಂತ ಶುರುಮಾಡಿದೆ. ಕಾಲೇಜಿನದ್ದು ಅಷ್ಟೇ ಉಳಿದಿತ್ತು. ಇನ್ನೆರಡು ಸಲ ಅದನ್ನೇ ಹೇಳಿ ಕನ್ನಡಕ್ಕಿಳಿದೆ, ರೋಸಲಿನ್ ತರ್ಜುಮೆಗೆ ನಿಂತರು. ಅಜ್ಜ ಕೆಂಪುಕಲ್ಲು ಹೊತ್ತದ್ದು, ಬಿಷಪರ ಕುರ್ಚಿಗೆ ಗೆದ್ದಲು ಹಿಡಿದದ್ದು, ನೆರೆ ಬಂದ ವರ್ಷ ಮೊಗವೀರರು, ಬ್ಯಾರಿಗಳು ಎಲ್ಲ ನಮ್ಮ ಬೆಂಚುಗಳ ಮೇಲೇ ಮಲಗಿ ಒಂದೇ ಹಂಡೆಯ ಗಂಜಿ ಕುಡಿದದ್ದು, ಅಬೂಬಕರ್ ಸಾಹೇಬರ ಆಡು ಸಂಗೀತ ಪುಸ್ತಕ ತಿಂದದ್ದು, ಎಲ್ಲ ಹೇಳಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು ಮಾರಾಯ್ತಿ. ಮದುವೆಯಾಗುವವರ ಹೆಸರನ್ನು ಮೂರು ಭಾನುವಾರ ಓದಿ "ಆಕ್ಷೇಪಣೆಯಿದ್ದವರು ತಿಳಿಸಿ" ಅನ್ನುತ್ತಾರಲ್ಲ, ಆಗ ನೀನು ಎರಡನೇ ಬೆಂಚಿನಿಂದ ಎದ್ದು "ಹುಡುಗ ಬೀಡಿ ಸೇದುತ್ತಾನೆ" ಅಂದದ್ದನ್ನೂ ಹೇಳಿಬಿಟ್ಟೆ. ಕನ್ನಡದವರು ನಕ್ಕರು, ಉಳಿದವರು ತರ್ಜುಮೆಗೆ ಕಾದರು. ರೋಸಲಿನ್ ತರ್ಜುಮೆ ಮಾಡಲಿಲ್ಲ. ನನ್ನ ಕಡೆ ತಿರುಗಿ, "ನಿಮ್ಮ ಅಕ್ಕ ಈಗಲೂ ಅದೇ ಬೆಂಚಿನಲ್ಲಿ ಕೂರುವುದಾ?" ಅಂದರು. ಹೌದು ಅಂದೆ. ಟೀ ಕುಡಿಯದೆ ಹೋದರು. ಈ ವಾರ ನನ್ನ ಸಕ್ಕರೆ ನೋಡಲೂ ಬಂದಿಲ್ಲ. ಎಣ್ಣೆ ಸೀಸೆ ಮಾತ್ರ ಲತೀಫನ ಮನೆಗೆ ಮುಟ್ಟಿಸಿದ್ದಾರೆ.

ಭಾವನಿಗೆ ನಮಸ್ಕಾರ ತಿಳಿಸು, ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಸೈಮನ್

ವಿ.ಸೂ.: ಬರುವ ಭಾನುವಾರದಿಂದ ಅಲ್ಲಿ ಓದುವ ಹೆಸರುಗಳು ನನ್ನದು ಮತ್ತು ರೋಸಲಿನ್ ಅವರದು. ಸಭಾಪಾಲಕರಿಗೆ ತಿಂಗಳ ಹಿಂದೆಯೇ ಬರೆದೆ, ನಿನಗೆ ಬರೆಯಲು ಧೈರ್ಯ ಬರಲಿಲ್ಲ. ನಾನು ಬೀಡಿ ಬಿಟ್ಟಾಯಿತು, ಅವರೇ ಬಿಡಿಸಿದ್ದು. ಎಣ್ಣೆಯೂ ಅವರೇ ಕಾಯಿಸಿದ್ದು. ಒಂದೇ ದಿನದಲ್ಲಿ ಗುಣ ಕೊಡುತ್ತದಂತೆ. ಆದ್ದರಿಂದ, ಅಕ್ಕಾ, ಮೂರನೇ ಭಾನುವಾರ ಕಳೆದ ಮೇಲೆ ಹಚ್ಚಿಕೋ.